ಮೊದಲ ಕೊಯ್ಲಿನ ಬುಟ್ಟಿ

"ಗುರುಗಳೇ, ಒಳ್ಳೆಯದನ್ನೇ ಬಿತ್ತಿದರೂ ಏಕೆ ಮೊಳೆಯುವುದಿಲ್ಲ?" ಎಂದು ಸಿದ್ದವೀರ ಕೇಳಿದ.

ಅವನು ಊರಿನಿಂದ ಮಠಕ್ಕೆ ಆಗಷ್ಟೇ ಹಿಂತಿರುಗಿದ್ದ. ವರ್ಷಕ್ಕೊಮ್ಮೆ ಹೋಗಿ ತಂದೆಯನ್ನು ಕಂಡು ಬರುವುದು ಅವನ ರೂಢಿ. ಮಗ ಮಠ ಸೇರಿದ್ದು ತಂದೆಗೆ ಇಷ್ಟವಿರಲಿಲ್ಲ. ಆ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಮಗ ಕಾಲಿಗೆ ಬೀಳುತ್ತಿದ್ದ, ತಂದೆ ಹರಸುತ್ತಿದ್ದ. ಮಳೆ ಬೆಳೆಯ ಮಾತಾಗುತ್ತಿತ್ತು, ಊಟವಾಗುತ್ತಿತ್ತು. ಒಂದು ಕಹಿ ಮಾತೂ ಇಲ್ಲ. ಆದರೆ ಹಿಂತಿರುಗುವ ದಾರಿಯಲ್ಲಿ ಸಿದ್ದವೀರನಿಗೆ ಅಳು ಬರುವಷ್ಟು ಅಪ್ಪ ಬೇಕೆನಿಸುತ್ತಿತ್ತು. ಈಗಷ್ಟೇ ಎದುರಿಗೆ ಕೂತು ಉಂಡು ಬಂದ ಅಪ್ಪನೇ ಬೇಕೆನಿಸುತ್ತಿತ್ತು. ಇದನ್ನೆಲ್ಲ ಅವನು ಗುರುಗಳಿಗೆ ಹೇಳಿದ.

ಗುರುಗಳು ಅವನಿಗೆ ಸಮಾಧಾನ ಹೇಳಲಿಲ್ಲ. ಕತೆ ಹೇಳಿದರು.

ಒಬ್ಬ ಹೆಣ್ಣುಮಗಳಿದ್ದಳು. ಅವಳ ತವರಿನ ಹಿತ್ತಿಲಲ್ಲಿ ಒಂದು ನಾಟಿ ಮಾವಿನ ಮರವಿತ್ತು. ಅವಳನ್ನು ದೂರದ ಊರಿಗೆ ಕೊಟ್ಟರು. ಗಂಡ ಒಳ್ಳೆಯವನು. ಅತ್ತೆಯ ಬಾಯಿ ಜೋರು, ಮನಸ್ಸು ಮೆದು. ಉಣ್ಣಲು ಉಡಲು ಕೊರತೆಯಿಲ್ಲ. ಕೊರತೆಯೆಂದರೆ ಆ ಮರವೊಂದೇ. ಮಾವು ಹೂ ಬಿಡುವ ಕಾಲ ಬಂದರೆ ಸಾಕು, ಅವಳು ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಸುಮ್ಮನಾಗುತ್ತಿದ್ದಳು. "ಊರ ತುಂಬ ಮಾವಿನ ತೋಪಿದೆ. ನಿಂಗೆ ಆ ಒಂದು ಮರದ್ದೇ ಯಾಕೆ ಬೇಕು?" ಎಂದು ಗಂಡ ಕೇಳುತ್ತಿದ್ದ. ಪಾಪ, ಅವನು ಕೇಳಿದ್ದರಲ್ಲಿ ತಪ್ಪಿಲ್ಲ.

ಮರದ ಮೊದಲ ಕೊಯ್ಲು ಮನೆಯ ಹೆಣ್ಣುಮಗಳಿಗೆ ಸೇರಬೇಕು ಎಂಬುದು ಆ ಸೀಮೆಯ ಪದ್ಧತಿ. ಅವಳ ಕೈಗೆ ಮುಟ್ಟುವವರೆಗೆ ಮನೆಯವರು ಒಂದು ಹಣ್ಣನ್ನೂ ಬಾಯಿಗಿಡುವುದಿಲ್ಲ. ಹಾಗಾಗಿ ಅವಳ ಅಣ್ಣ ಪ್ರತಿ ಬೇಸಿಗೆಯಲ್ಲೂ ಬುಟ್ಟಿ ಹೊತ್ತು ಬರುತ್ತಿದ್ದ.

ಅಣ್ಣ ಹಣ್ಣು ಆರಿಸುವುದರಲ್ಲಿ ಎತ್ತಿದ ಕೈ. ಎಲೆ ಅಂಟಂಟಾಗಿ ಹೂ ಉದುರಿದರೆ ಜಿಗಿಹುಳು ಎನ್ನುವನು. ತೊಟ್ಟಿನ ಬಳಿ ಬಿಳಿ ಪುಡಿ ಮೆತ್ತಿದ್ದರೆ ಹಿಟ್ಟುತಿಗಣೆ. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಚುಕ್ಕೆ ಇದ್ದು, ಸುತ್ತ ಮೆತ್ತಗಾಗಿದ್ದರೆ ಹಣ್ಣುನೊಣ. ಬುಟ್ಟಿ ತುಂಬುವ ಮೊದಲು ಒಂದೊಂದು ಹಣ್ಣನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ. ಚುಕ್ಕೆ ಕಂಡದ್ದು ತಿಪ್ಪೆಗೆ. ಒಂದು ಗೀರೂ ಇಲ್ಲದ ಹಣ್ಣು ಮಾತ್ರ ತಂಗಿಗೆ. ಕಣ್ಣಿಗೆ ಕಾಣುವ ಹುಳುಗಳಲ್ಲಿ ಅವನಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಅವನು ತರುತ್ತಿದ್ದ ಸುದ್ದಿಯೂ ಹಣ್ಣಿನ ಹಾಗೇ ಆರಿಸಿದ್ದು. "ಎಲ್ಲಾ ಚೆನ್ನಾಗಿದೀವಿ ಕಣಮ್ಮ. ಮರ ಚೆನ್ನಾಗಿದೆ. ಅವ್ವ ಚೆನ್ನಾಗಿದಾಳೆ." ತಂಗಿಯೂ ಕಡಿಮೆಯವಳಲ್ಲ. "ನಾನೂ ಚೆನ್ನಾಗಿದೀನಣ್ಣ" ಎನ್ನುತ್ತಿದ್ದಳು. ಉಂಡು, ಜಗಲಿಯ ಮೇಲೆ ಒಂದು ನಿದ್ದೆ ತೆಗೆದು, ಅವನು ಹೊರಟುಹೋಗುತ್ತಿದ್ದ. ಅವನು ಕಣ್ಮರೆಯಾಗುವವರೆಗೆ ಅವಳು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆಮೇಲೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

ಹಣ್ಣು ತಿಂದಾದ ಮೇಲೆ ಅವಳು ಒಳಗಿನ ಗೊರಟೆಗಳನ್ನು, ಆ ಓಟೆಗಳನ್ನು ತೊಳೆದು, ಬಚ್ಚಲ ನೀರು ಹರಿಯುವ ಕಡೆ ಊರುತ್ತಿದ್ದಳು. ಕಸಿ ಕಟ್ಟುವವರು ಆ ಕಡೆಗೆ ಇನ್ನೂ ಬಂದಿರಲಿಲ್ಲ. ಬೀಜದ ಗಿಡ ತಾಯಿಮರದ ರುಚಿಯನ್ನೇ ಕೊಡುತ್ತದೆಂಬ ಖಾತ್ರಿಯಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ರುಚಿ ಹೇಗಾದರೂ ಇರಲಿ. ಆ ಮರದ ಮಗುವೊಂದು ತನ್ನ ಹಿತ್ತಿಲಲ್ಲಿ ನಿಂತರೆ, ಬೆಳಗ್ಗೆ ಎದ್ದು ಬಾಗಿಲು ತೆಗೆದಾಗ ಅದು ಕಂಡರೆ, ಅವಳಿಗೆ ಅಷ್ಟು ಸಾಕಿತ್ತು.

ಒಂದೂ ಮೊಳೆಯಲಿಲ್ಲ. ಕಾದು ಕಾದು ಕೆದಕಿ ನೋಡಿದರೆ ಓಟೆ ಟೊಳ್ಳು. ಪಕ್ಕದಲ್ಲೊಂದು ತೂತು. ಒಳಗೆ ಕಪ್ಪು ಹುಡಿ. ಮಣ್ಣಿನಲ್ಲಿರುವ ಯಾವುದೋ ಹುಳು ಕೊರೆದು ಒಳಹೊಕ್ಕಿದೆ ಎಂದು ಅವಳು ತಿಳಿದಳು. ಮುಂದಿನ ವರ್ಷ ಗುಂಡಿಗೆ ಬೂದಿ ಹಾಕಿದಳು. ಅದರ ಮುಂದಿನ ವರ್ಷ ಬೇವಿನ ಹಿಂಡಿ. ಮತ್ತೊಂದು ವರ್ಷ ತವರಿನ ಮಣ್ಣನ್ನೇ ಅಣ್ಣನ ಕೈಲಿ ತರಿಸಿ ಸುರಿದಳು. ಆಗಲೂ ಟೊಳ್ಳು, ಆಗಲೂ ತೂತು. ತವರಿನದ್ದು ಏನನ್ನೂ ಈ ಮಣ್ಣು ಇಟ್ಟುಕೊಳ್ಳುವುದಿಲ್ಲ ಎಂದು ಅವಳಿಗೆ ಅನಿಸತೊಡಗಿತು. ಹಾಗಾದರೆ ತನ್ನನ್ನು? ಆ ಯೋಚನೆ ಬಂದಾಗಲೆಲ್ಲ ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದಳು. ಅಣ್ಣ, "ಗಿಡ ಬಂತೇನಮ್ಮ?" ಎಂದರೆ, "ಮಳೆ ಬೀಳ್ಲಿ ಅಣ್ಣ, ಬರುತ್ತೆ" ಎನ್ನುತ್ತಿದ್ದಳು. ಅಷ್ಟು ದೂರದಿಂದ ಹೊತ್ತು ತಂದವನಿಗೆ ಬೇರೆ ಹೇಗೆ ಹೇಳುವುದು?

ಒಂದು ಬೇಸಿಗೆಯಲ್ಲಿ ಅಣ್ಣ ಬಂದಿದ್ದ. ಉಂಡು ಜಗಲಿಯಲ್ಲಿ ಮಲಗಿದ್ದ. ಅವಳು ಹಿತ್ತಿಲಲ್ಲಿ ಹೊಸ ಗುಂಡಿ ತೋಡುತ್ತಿದ್ದಾಗ ಹಿಂದಿನ ವರ್ಷದ ಓಟೆಯೊಂದು ಗುದ್ದಲಿಗೆ ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ಕೂತಿದ್ದಳು. ತೋಪು ನೋಡಲು ಬಂದಿದ್ದ ಹಣ್ಣಿನ ವ್ಯಾಪಾರಿಯೊಬ್ಬ ನೀರು ಕೇಳಿಕೊಂಡು ಹಿತ್ತಿಲಿಗೆ ಬಂದ. ಓಟೆ ನೋಡಿದ.

"ಮಣ್ಣಿನ ಹುಳ ಒಳಗೆ ಹೊಕ್ಕಿದೆ" ಎಂದಳು ಅವಳು.

"ಇಲ್ಲ ತಾಯಿ. ಇದು ಒಳಗೆ ಹೋದ ತೂತಲ್ಲ. ಹೊರಗೆ ಬಂದ ತೂತು."

ಅವನು ಬುಟ್ಟಿಯ ಹಣ್ಣೊಂದನ್ನು ಕೇಳಿ ಪಡೆದ. ಚಿನ್ನದ ಬಣ್ಣ, ಒಂದು ಚುಕ್ಕೆಯಿಲ್ಲ. ತಿರುಳು ತೆಗೆದು, ಓಟೆಯನ್ನು ಕತ್ತಿಯಿಂದ ಸೀಳಿದ. ಒಳಗೆ ಬೇಳೆಯಿರಬೇಕಾದ ಕಡೆ ಕಪ್ಪು ಹುಡಿ. ಹುಡಿಯ ನಡುವೆ ಉದ್ದ ಮೂತಿಯ ಕಂದು ದುಂಬಿಯೊಂದು ಕಾಲು ಮಡಚಿಕೊಂಡು ಬಿದ್ದಿತ್ತು. ಸತ್ತಿದೆ ಎಂದು ಅವಳು ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ಅದು ಎದ್ದು ನಡೆಯಿತು.

ವ್ಯಾಪಾರಿ ಹೇಳಿದ: "ಮಿಡಿ ನೆಲ್ಲಿಕಾಯಿ ಗಾತ್ರ ಇದ್ದಾಗ್ಲೇ ಈ ಮೂತಿಹುಳ ಸಿಪ್ಪೆ ಗೀರಿ ಮೊಟ್ಟೆ ಇಟ್ಟುಬಿಡುತ್ತೆ. ಮೇಲೆ ಸೊನೆ ಕಟ್ಟುತ್ತೆ, ಗಾಯ ಮಾಯುತ್ತೆ. ಆಮೇಲೆ ಹಣ್ಣೂ ಬೆಳೀತದೆ, ಒಳಗೆ ಅದೂ ಬೆಳೀತದೆ. ತಿನ್ನೋರಿಗೆ ಏನೂ ಗೊತ್ತಾಗಲ್ಲ. ಹೂವಿಂದ ಮೊದಲು ಕಚ್ಚಿದ ಕಾಯಿಗೇ ಇದರ ಕಾಟ ಜಾಸ್ತಿ."

"ಹಂಗಾದ್ರೆ ಚೆನ್ನಾಗಿರೋ ಓಟೆ ಎಲ್ಲಿ ಸಿಗುತ್ತೆ?"

"ತಡವಾಗಿ ಕಚ್ಚಿದ ಕಾಯಲ್ಲಿ. ಅಷ್ಟೊತ್ತಿಗೆ ಈ ಹುಳ ಮೊಟ್ಟೆ ಇಡೋದು ಮುಗಿಸಿರುತ್ತೆ. ಆದ್ರೆ ಆ ಕಾಯಿ ಹಣ್ಣಾಗೋ ಹೊತ್ತಿಗೆ ಮಳೆ ಬರುತ್ತೆ, ನೊಣ ಚುಚ್ಚುತ್ತೆ. ತಿರುಳೆಲ್ಲ ಹುಳ ಬಿದ್ದು ಕೊಳೀತದೆ. ನಾನಂತೂ ಮುಟ್ಟಲ್ಲ. ಓಟೆಗೆ ಮಾತ್ರ ಏನೂ ಆಗಿರಲ್ಲ."

ನೀರು ಕುಡಿದು ಅವನು ಹೋದ. ಅವಳು ಸೀಳಿದ ಓಟೆಯನ್ನು ಹಿಡಿದುಕೊಂಡು ಜಗಲಿಗೆ ಬಂದು ಅಣ್ಣನನ್ನು ಎಬ್ಬಿಸಿದಳು. ಇಷ್ಟು ವರ್ಷ ಒಂದು ಗಿಡವೂ ಬಂದಿಲ್ಲವೆಂದು ಹೇಳಿದಳು. ಆಮೇಲೆ, "ಮಳೆ ಬಿದ್ದ ಮೇಲೆ ತಿಪ್ಪೆಗೆ ಎಸೀತೀಯಲ್ಲ, ಆ ಹಣ್ಣು ತಂದುಕೊಡಣ್ಣ" ಎಂದಳು.

ಅಣ್ಣನ ಮುಖ ಚಿಕ್ಕದಾಯಿತು. "ತಂಗಿ ಮನೆಗೆ ಹುಳ ಬಿದ್ದ ಹಣ್ಣು ಹೊತ್ಕೊಂಡು ಬರ್ಲಾ? ನಿಮ್ಮತ್ತೆ ಏನಂತಾಳೆ? ದಾರೀಲಿ ಕಂಡೋರು ಏನಂತಾರೆ?" ಎಂದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಅಂಗಳ ದಾಟಿದವನು ನಿಂತ. ತಿರುಗಿ ನೋಡದೆಯೇ ಹೇಳಿದ: "ಮರ ಚೆನ್ನಾಗಿಲ್ಲ ಕಣಮ್ಮ. ಬುಡಕ್ಕೆ ಕೊರಕಹುಳ ಬಿದ್ದು ಬಾಳ ದಿನ ಆಯ್ತು. ತೂತಿಂದ ಹೊಟ್ಟು ಉದುರ್ತಾ ಇದೆ. ಅರ್ಧ ಮರ ಒಣಗಿದೆ. ನೀನು ನೊಂದ್ಕೋತೀಯ ಅಂತ ಹೇಳ್ಲಿಲ್ಲ."

ಆ ಬುಟ್ಟಿಯ ಓಟೆಗಳನ್ನು ಅವಳು ಊರಲಿಲ್ಲ. ತೋಡಿದ ಗುಂಡಿ ಹಾಗೇ ಇತ್ತು. ಮಳೆ ಶುರುವಾಯಿತು. ದಾರಿ ಕೆಸರಾಯಿತು. ಇಂಥ ಕೆಸರಿನಲ್ಲಿ ಯಾರು ಬರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಮತ್ತೆ ಬಾಗಿಲಿಗೆ ಬಂದಳು. ಕೆಲಸದ ನಡುವೆ ಬಂದಳು, ಉಣ್ಣುವುದನ್ನು ಬಿಟ್ಟು ಬಂದಳು. ಮರದ ಮೇಲಿನ ಆಸೆ ಈಗ ಅಣ್ಣನ ಮೇಲಿನ ಆಸೆಯಾಗಿತ್ತು. ಬರಿಗೈಯಲ್ಲಾದರೂ ಬರಲಿ ಎಂದುಕೊಂಡಳು.

ಅಣ್ಣ ಮುಂಬಾಗಿಲಿಗೆ ಬರಲಿಲ್ಲ. ದನದ ಕೊಟ್ಟಿಗೆಯ ಕಡೆಯಿಂದ ಕಳ್ಳನ ಹಾಗೆ ಬಂದ. ತಲೆಯ ಮೇಲೆ ಬುಟ್ಟಿ, ಅದಕ್ಕೆ ಗೋಣಿತಾಟು ಮುಚ್ಚಿತ್ತು. ತಾಟು ತೆಗೆದರೆ ನೊಣ ಎದ್ದವು. ಹಣ್ಣುಗಳು ಕರಗಿ ರಸ ಸೋರುತ್ತಿತ್ತು. ಬಿಳಿಯ ಹುಳು ಮಿಜಿಮಿಜಿ ಎನ್ನುತ್ತಿದ್ದವು. ತಲೆಗೂದಲಿಗೆ ರಸ ಮೆತ್ತಿಕೊಂಡು ಅವನು ಅಪರಾಧಿಯಂತೆ ನಿಂತಿದ್ದ. ಅತ್ತೆ ಬಂದು ನೋಡಿದಳು, ಮೂಗಿಗೆ ಸೆರಗು ಹಿಡಿದಳು. ಏನೂ ಅನ್ನದೆ ಒಳಗೆ ಹೋಗಿ, ಅವನ ತಲೆಗೆಂದು ಬಿಸಿನೀರು ತಂದಿಟ್ಟಳು.

ಅಣ್ಣ ತಂಗಿ ಕೊಟ್ಟಿಗೆಯ ಪಕ್ಕ ಕೂತು ಕೊಳೆತ ಹಣ್ಣು ಹಿಸುಕಿ ಓಟೆ ತೆಗೆದರು. ಕೈಗೆ ಕೆಲಸವಿದ್ದದ್ದಕ್ಕೋ ಏನೋ, ಮಾತು ತಾನಾಗಿ ಬಂತು. ಅವ್ವನಿಗೆ ಕಣ್ಣು ಕಾಣಿಸುವುದಿಲ್ಲ ಎಂದು ಅವನು ಹೇಳಿದ. ಮದುವೆಯಾಗಿ ಬಂದ ವರ್ಷವೆಲ್ಲ ಅತ್ತಿದ್ದೆನೆಂದು ಅವಳು ಹೇಳಿದಳು. ನನ್ನನ್ನು ಇಷ್ಟು ದೂರ ಯಾಕೆ ಕೊಟ್ಟಿರಿ ಎಂದು ಕೇಳಿದಳು. ಆಗ ಬೇಡವೆನ್ನುವ ಧೈರ್ಯ ನನಗಿರಲಿಲ್ಲ ಎಂದು ಅವನು ಅತ್ತ. ಆ ದಿನ ಅವನು ಜಗಲಿಯ ಮೇಲೆ ನಿದ್ದೆ ಮಾಡಲಿಲ್ಲ. ಮಳೆ ನಿಲ್ಲುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.

ಮರುವರ್ಷ ತವರಿನ ಮರ ಗಾಳಿಗೆ ಬಿತ್ತು. ಅಷ್ಟರಲ್ಲಿ ಅವಳ ಹಿತ್ತಿಲಲ್ಲಿ ತಾಮ್ರದ ಬಣ್ಣದ ಚಿಗುರೆಲೆ ಬಿಟ್ಟುಕೊಂಡು ಒಂದು ಗಿಡ ಮೊಣಕಾಲೆತ್ತರ ಬಂದಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಸಿದ್ದವೀರ ಕಾದ. ಕತೆ ಮುಂದುವರಿಯಲಿಲ್ಲ. "ಆ ಗಿಡದ ಹಣ್ಣು ತಾಯಿಮರದ ಹಣ್ಣಿನ ಹಾಗೇ ಇತ್ತೇ, ಗುರುಗಳೇ?" ಎಂದು ಕೇಳಿದ.

"ಅದಿರಲಿ, ಅಪ್ಪನ ಹತ್ತಿರ ಹೊರಡುವ ಮುನ್ನ ನೀನು ಬುಟ್ಟಿಯಿಂದ ಆರಿಸಿ ತಿಪ್ಪೆಗೆ ಎಸೆದದ್ದು ಏನು?" ಎಂದರು ಗುರುಗಳು.