ಹಣ್ಣಾಗದ ಕುರು

ಹಣ್ಣಾಗದ ಕುರುವಿಗೆ ಯಾರೂ ಕೈ ಹಾಕಕೂಡದು. ಇದು ಕಂದರಸ ರಾಜನ ಊರಿನ ಹಳೆಯ ಕಟ್ಟಳೆ. ಅದನ್ನು ಮೊದಲು ಮುರಿದವನು ರಾಜನೇ. ಬೆನ್ನಿಗೆದ್ದ ಕುರುವನ್ನು ತಾನೇ ಹಿಂಡಿಕೊಂಡ. ಆಮೇಲೆ ವೈದ್ಯ ಹಿಂಡಿದ, ಮಂತ್ರಿ ಹಿಂಡಿದ. ಜ್ವರ ಏರಿತು. ಮಗಳು ಪದುಮಲೆ ಡಂಗುರ ಹೊಡೆಸಿದಳು: "ಮೂರು ಒಗಟು ಬಿಡಿಸಿದವನೇ ಇನ್ನು ತಂದೆಯ ಕುರು ನೋಡತಕ್ಕದ್ದು. ಬಿಡಿಸಿದವನ ಕೊರಳಿಗೆ ನನ್ನ ಮಾಲೆ, ತಪ್ಪಿದವನ ಕೊರಳಿಗೆ ಕತ್ತಿ."

ರಾಜ ಮಲಗಲಾರ, ಕೂರಲಾರ. ಯಾರಾದರೂ ಬೇಗ ಹಿಂಡಿರೆಂದು ಒಂದೇ ಸಮನೆ ಗೊಣಗುತ್ತಿದ್ದ. ಕೋಟೆ ಬಿರಿದಾಗ ಕರೆಯದೆ ಓಡಿಬಂದು, ಕಳ್ಳರನ್ನು ನುಂಗಿ, ಅಲ್ಲೇ ಸತ್ತು, ಕಾಪಾಡಿದವರಿಂದಲೇ ಥೂ ಅನ್ನಿಸಿಕೊಳ್ಳುವವರು ಯಾರೆಂದು ಪದುಮಲೆ ಮೊದಲ ಒಗಟು ಕೇಳಿದಳು. ಒಬ್ಬ ಅರಸುಮಗ ಇರುವೆ ಎಂದ. ಇನ್ನೊಬ್ಬ ಬೇಟೆನಾಯಿ ಎಂದ. ಇಬ್ಬರನ್ನೂ ಸೆರೆಗೆ ಎಳೆದೊಯ್ದರು.

ಕುಂಬಾರರ ಮಲ್ಲುಗ ಮಣ್ಣುಗಾಲಲ್ಲೇ ಬಂದ. ಮಡಕೆ ತಟ್ಟುವವನು ದೊರೆಯ ಬೆನ್ನನ್ನೂ ತಟ್ಟುತ್ತಾನೇನೋ ಎಂದು ಮಂತ್ರಿ ನಕ್ಕ.

"ಕೀವು, ತಾಯಿ," ಎಂದ ಮಲ್ಲುಗ. "ನೆತ್ತರಲ್ಲಿ ಬಿಳಿ ಕಾವಲುಗಾರರಿದ್ದಾರೆ. ಗಾಯದಿಂದ ಒಳನುಗ್ಗಿದ, ಕಣ್ಣಿಗೆ ಕಾಣದ ಹುಳಗಳನ್ನು ತಿಂದು ಸಾಯುತ್ತಾರೆ. ಅವರ ಹೆಣಗಳೇ ಕೀವು."

"ಕಳ್ಳ ನುಗ್ಗಿದ್ದು ಊರಬಾಗಿಲಲ್ಲಿ, ಗದ್ದಲ ಎದ್ದದ್ದು ದೂರದ ಚಾವಡಿಯಲ್ಲಿ. ಅದೇನು?"

"ಮಣ್ಣು ತುಳಿಯುವಾಗ ನನ್ನ ಅಂಗಾಲಿಗೆ ಒಡೆದ ಮಡಕೆಯ ಬೋಕಿ ಚುಚ್ಚಿತು. ಗಂಟು ಎದ್ದದ್ದು ತೊಡೆಸಂದಿಯಲ್ಲಿ. ಆ ಗಂಟೇ ಚಾವಡಿ. ಒಬ್ಬ ಕಾವಲುಗಾರ ಕಳ್ಳನ ಮುಂಡಾಸು ಕಿತ್ತು ಆ ಚಾವಡಿಗೆ ಒಯ್ದು ತೋರಿಸುತ್ತಾನೆ. ಗುರುತು ಹಿಡಿದವರು ಅಲ್ಲಿ ಪಡೆ ಕಟ್ಟುತ್ತಾರೆ."

ಪದುಮಲೆ ತಲೆಯಾಡಿಸಿದಳು. ರಾಜನಿಗೆ ತಾಳ್ಮೆ ಮುಗಿದಿತ್ತು. "ಹರಟೆ ಸಾಕು. ಹಿಂಡೋ ಕುಂಬಾರ, ಇಲ್ಲವೇ ತಲೆ ಕೊಡು." ತಲೆ ಕಡಿಯಲು ನಿಂತಿದ್ದ ಕಟುಕ ಕತ್ತಿ ಹಿರಿದ.

ಅವಳು ಅವಸರದಲ್ಲೇ ಮೂರನೆಯದನ್ನು ಕೇಳಿದಳು: "ಒಳಗೆ ಯುದ್ಧ ನಡೆದಿದೆ. ಹೊರಗೆ ನಿಂತವನು ಹಿಡಿಯಬೇಕಾದ ಆಯುಧ ಯಾವುದು?"

ಚೂರಿ ಎಂದು ವೈದ್ಯ ಪಿಸುಗುಟ್ಟಿದ. ಸೂಜಿ ಎಂದ ಮಂತ್ರಿ.

"ಯಾವುದೂ ಅಲ್ಲ, ತಾಯಿ," ಎಂದು ಮಲ್ಲುಗ ರಾಜನತ್ತ ತಿರುಗಿದ. "ಮಡಕೆ ಸುಡುವ ಆವಿಗೆಯ ಕಾವು ಆರುವ ಮುನ್ನ ಬಾಯಿ ತೆಗೆದರೆ ಮಡಕೆಗಳೆಲ್ಲ ಬಿರಿಯುತ್ತವೆ, ಬುದ್ಧಿ. ಕುರುವಿನ ಸುತ್ತ ಆ ಕಾವಲುಗಾರರು ಗೋಡೆ ಕಟ್ಟುತ್ತಿದ್ದಾರೆ. ಹಿಂಡಿದರೆ ಗೋಡೆ ಒಡೆದು, ಕಳ್ಳರು ನೆತ್ತರಿಗಿಳಿದು ಮೈಯೆಲ್ಲ ಹಬ್ಬುತ್ತಾರೆ. ಬಿಸಿ ಬಟ್ಟೆಯ ಶಾಖ ಕೊಡುತ್ತೇನೆ. ಹಿಂಡುವುದಿಲ್ಲ."

ಕುರು ತಾನಾಗಿ ಹಣ್ಣಾಗಿ ಒಡೆದದ್ದು, ಜ್ವರ ಬಿಟ್ಟು ರಾಜ ಗಂಜಿ ಕೇಳಿದ್ದು, ಸೆರೆಯಲ್ಲಿದ್ದವರು ತಲೆ ಉಳಿಸಿಕೊಂಡು ಮನೆಗೆ ಹೋದದ್ದು, ಪದುಮಲೆ ಮಾಲೆ ಹಾಕಿದ್ದು ಎಲ್ಲ ಆಮೇಲಿನ ಮಾತು. ಆ ಗಳಿಗೆಯಲ್ಲಿ ರಾಜ "ಹಿಂಡು" ಎಂದು ಇನ್ನೊಮ್ಮೆ ಹೇಳಿದ. ಮಲ್ಲುಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತಿಯ ಕೆಳಗೆ ಕತ್ತು ಬಗ್ಗಿಸಿದ.