ಕಾಯಿಲೆಯವರ ಪಾಲು

ಮರದ ಪೊಟರೆಯ ಜೇನುಗೂಡಿನಲ್ಲಿ ಎಲ್ಲರೂ ತಂದ ಜೇನಿನಲ್ಲಿ ಒಂದು ಪಾಲು ಕಾಯಿಲೆಯವರಿಗೆಂದೇ ಮೀಸಲು. ಬಂದವರ ಬಾಯಿ ಮೂಸಿ ಒಳಗೆ ಬಿಡುವುದು ಕಾವಲಿನ ಜೇನುಹುಳದ ಕೆಲಸ. ಒಂದು ಸಂಜೆ ಅವಳ ತಂಗಿಯೊಬ್ಬಳು ತೂರಾಡುತ್ತ ಬಂದಳು. ಬಾಯಿ ಹೆಂಡ ನಾರುತ್ತಿತ್ತು.

"ಅಕ್ಕ, ಈಚಲು ಮರದ ಹೆಂಡದ ಮಡಕೆ ಬಿಡಲಾಗುತ್ತಿಲ್ಲ. ಕಾಯಿಲೆಯವರ ಪಾಲಿನಲ್ಲಿ ನನಗೂ ಒಂದು ಹನಿ ಕೊಟ್ಟು ನಾಲ್ಕು ದಿನ ಒಳಗೆ ಮಲಗಿಸಿಕೊ."

ಕಾವಲಿನವಳಿಗೆ ಹೆದರಿಕೆಯಾಯಿತು: ಇವಳಿಗೆ ಕೊಟ್ಟರೆ ನಾಳೆ ಗೂಡಿಗೆ ಗೂಡೇ ಮಡಕೆಗೆ ಹಾರೀತು, ಮಳೆಗಾಲಕ್ಕೆ ಏನೂ ಉಳಿಯದು.

"ಜ್ವರ ತಾನಾಗಿ ಬರುತ್ತದೆ. ಮಡಕೆಗೆ ನೀನಾಗಿ ಹೋದೆ," ಎಂದು ತಳ್ಳಿದಳು.

ತಂಗಿ ಮರದ ಬುಡಕ್ಕೆ ಬಿದ್ದಳು. ಬೆಳಗಾಗುವಷ್ಟರಲ್ಲಿ ಇರುವೆಗಳು ಮುತ್ತಿದ್ದವು. ಕಾವಲಿನವಳು ನೋಡುತ್ತಿದ್ದಂತೆ ಅವು ತಂಗಿಯನ್ನು ತಿಂದು ಮುಗಿಸಿ, ಉಳಿಸಿಟ್ಟ ಜೇನಿನ ವಾಸನೆ ಹಿಡಿದು, ಸಾಲುಗಟ್ಟಿ ಮರ ಹತ್ತತೊಡಗಿದವು.