ಎಡಗೈಗೆ ಯಾವುದು, ಬಲಗೈಗೆ ಯಾವುದು

“ಗುರುಗಳೇ, ಎರಡನ್ನೂ ಕಟ್ಟಿಕೊಳ್ಳಬಹುದೇ? ಕಟ್ಟಿಕೊಂಡರೆ ಎಡಗೈಗೆ ಯಾವುದು, ಬಲಗೈಗೆ ಯಾವುದು?” ಎಂದು ವಿಶಾಲಾಕ್ಷಿ ಕೇಳಿದಳು.

ಅವಳ ಮುಂದೆ ಚಾಪೆಯ ಮೇಲೆ ಎರಡು ವಸ್ತುಗಳಿದ್ದವು. ಒಂದು, ಅವಳು ಕೆಲಸಕ್ಕೆ ಸೇರಿದಾಗ ತಾಯಿ ಕೊಡಿಸಿದ ಪುಟ್ಟ ಕೀಲಿ ವಾಚು. ಇನ್ನೊಂದು, ಈಚೆಗೆ ಅವಳು ಇಲ್ಲಿಗೆ ನಡೆದು ಬರುವಾಗ ಕಟ್ಟಿಕೊಳ್ಳುತ್ತಿದ್ದ, ಹೆಜ್ಜೆ ಎಣಿಸುವ, ನಾಡಿ ನೋಡುವ, ನಿದ್ದೆ ಅಳೆಯುವ ಕಪ್ಪು ಬ್ಯಾಂಡು. ಒಂದು ಸೀರೆಗೆ ಒಪ್ಪುತ್ತದೆ, ಇನ್ನೊಂದು ಡಾಕ್ಟರಿಗೆ ಒಪ್ಪುತ್ತದೆ ಎಂದು ಅವಳು ನಕ್ಕಳು. ಪ್ರಶ್ನೆ ಚಿಕ್ಕದು, ಕ್ಷಮಿಸಬೇಕು ಎಂದಳು.

ಗುರುಗಳು ಎರಡನ್ನೂ ಮುಟ್ಟಲಿಲ್ಲ. “ಚಿಕ್ಕದೋ ದೊಡ್ಡದೋ, ಕೇಳಿದ ಮೇಲೆ ನೋಡೋಣ” ಎಂದು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವರ್ತಕನಿದ್ದ. ಉಟ್ಟ ಪಂಚೆಯಲ್ಲಿ ಒಂದು ಸುಕ್ಕೂ ಇರಗೊಡದ ಮನುಷ್ಯ. ಎಡಗೈಯಲ್ಲಿ ಮದುವೆಯ ದಿನ ಮಾವ ಕಟ್ಟಿದ ವಾಚು. ಆಗೆಲ್ಲ ಹಾಗೇ ಇತ್ತು. ಅಳಿಯನ ಕೈಗೆ ವಾಚು ಕಟ್ಟದೆ ಹೆಣ್ಣಿನ ತಂದೆಗೆ ತಲೆ ಎತ್ತಿ ನಡೆಯಲು ಆಗುತ್ತಿರಲಿಲ್ಲ. ವರ್ತಕ ದಿನವೂ ಸ್ನಾನ ಮಾಡಿ, ದೇವರಿಗೆ ಕೈ ಮುಗಿದು, ವಾಚಿಗೆ ಕೀಲಿ ಕೊಟ್ಟೇ ತಿಂಡಿಗೆ ಕೂರುತ್ತಿದ್ದ. ವಾಚು ಸ್ವಲ್ಪ ಹಿಂದೆ ಬೀಳುತ್ತಿತ್ತು. ಯಾರಾದರೂ ಹೊತ್ತು ಕೇಳಿದರೆ, ಅದನ್ನು ನೋಡಿ, ಮನಸ್ಸಿನಲ್ಲೇ ಒಂದಿಷ್ಟು ಕೂಡಿಸಿ ಹೇಳುತ್ತಿದ್ದ.

ಅವನಿಗೆ ಒಬ್ಬ ಗೆಳೆಯ, ಸಂಗೀತದ ಮೇಷ್ಟರು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿ, ಒಂದೇ ಬೆತ್ತದ ಏಟು ತಿಂದವರು. ವಯಸ್ಸಾದ ಮೇಲೆ ಮೇಷ್ಟರ ಕಣ್ಣಿಗೆ ಮಬ್ಬು ಕವಿಯಿತು. ಬೆಳಕು ಕಾಣುತ್ತಿತ್ತು, ಹಳ್ಳ ಕಾಣುತ್ತಿರಲಿಲ್ಲ. ಸಂಜೆಯಾಗುತ್ತಲೂ ವರ್ತಕ ಅವರ ಬಾಗಿಲಿಗೆ ಹೋಗಿ ಕೆಮ್ಮುತ್ತಿದ್ದ. ಅವರು ಚಪ್ಪಲಿ ಮೆಟ್ಟಿ ಹೊರಗೆ ಬರುತ್ತಿದ್ದರು. ಗಾಡಿಗಳ ಓಡಾಟ ಬಲಕ್ಕೆ ಇರುತ್ತಿದ್ದುದರಿಂದ ಮೇಷ್ಟರು ಯಾವಾಗಲೂ ಎಡಕ್ಕೆ ನಿಂತು, ವರ್ತಕನ ಎಡಗೈಯ ಮಣಿಕಟ್ಟು ಹಿಡಿಯುತ್ತಿದ್ದರು. ಅವರ ಹೆಬ್ಬೆರಳು ಸರಿಯಾಗಿ ವಾಚಿನ ಗಾಜಿನ ಮೇಲೆ ಬಂದು ಕೂರುತ್ತಿತ್ತು. ಕೆರೆ ಏರಿಯ ತುದಿಯವರೆಗೆ ಹೋಗಿ ಬರುವುದು ಅವರ ವಾಡಿಕೆ.

“ನಿನ್ನ ನಾಡಿಗಿಂತ ಇದರ ನಾಡಿಯೇ ಗಟ್ಟಿ ಕಣೋ. ತಾಳ ಮಾತ್ರ ಕೊಂಚ ಎಳೆಯುತ್ತೆ, ನಿಮ್ಮ ಮಾವನ ಹಾಗೆ” ಎನ್ನುತ್ತಿದ್ದರು ಮೇಷ್ಟರು.

“ನಮ್ಮ ಮಾವ ನಿನಗೇನು ಎಳೆದರು?”

“ಮದುವೆ ಊಟಕ್ಕೆ ಎಲೆ ಹಾಕಿಸೋ ಹೊತ್ತಿಗೆ ದೀಪ ಹಚ್ಚೋ ಹೊತ್ತು ಮಾಡಿದ್ದರಲ್ಲ! ಆ ಹಸಿವು ಇನ್ನೂ ಇದೆ.”

ಹೆಂಡತಿ ತೀರಿಕೊಂಡ ಮೇಲೆ ವರ್ತಕ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಒಂದು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ಅವನು ಆಡುತ್ತಿದ್ದುದು ಪಾತ್ರೆಯ ಮಾತು.

ಹೀಗಿರುವಾಗ ಡಾಕ್ಟರು ಅವನ ರಕ್ತದಲ್ಲಿ ಸಕ್ಕರೆ ಕಂಡರು. ದಿನವೂ ಚೆನ್ನಾಗಿ ನಡೆಯಬೇಕು ಎಂದರು. ಸೊಸೆ ಒಂದು ಬ್ಯಾಂಡು ತರಿಸಿಕೊಟ್ಟಳು. ಎಡಗೈಯಲ್ಲಿ ವಾಚು ಇದ್ದುದರಿಂದ ವರ್ತಕ ಅದನ್ನು ಬಲಗೈಗೆ ಕಟ್ಟಿಕೊಂಡ. ಊಟಕ್ಕೆ ಕೂತರೆ ಬ್ಯಾಂಡಿಗೂ ಸಾರು ಹತ್ತಿತು. ಅಂಗಡಿಗೆ ಹೋದರೆ ಕೊಡ ಕೊಳ್ಳಲು ಬಂದ ಹೆಂಗಸು ಅವನ ಕೈಗಳನ್ನು ನೋಡಿ ನಕ್ಕಳು.

“ಏನ್ ಸಾಹುಕಾರ್ರೇ, ಎಡಗೈಗೊಂದು ಹೊತ್ತು, ಬಲಗೈಗೊಂದು ಹೊತ್ತು! ಯಾವ ಕೈ ನೋಡಿ ಅಂಗಡಿ ಬಾಗಿಲು ಹಾಕ್ತೀರಿ?”

ಪಂಚೆಯ ಸುಕ್ಕನ್ನೇ ಸಹಿಸದವನಿಗೆ ಈ ಮಾತು ಮುಳ್ಳಿನಂತೆ ಚುಚ್ಚಿತು. ಸೊಸೆಯೇ ಒಂದು ವ್ಯವಸ್ಥೆ ಮಾಡಿದಳು. “ಮಾವ, ವಾಚು ಅಂಗಡಿಗೆ, ಮದುವೆ ಮುಂಜಿಗೆ. ಬ್ಯಾಂಡು ವಾಕಿಂಗಿಗೆ. ಎರಡೂ ಎಡಗೈಗೇ, ಒಂದಾದ ಮೇಲೆ ಒಂದು. ಬಲಗೈ ಊಟಕ್ಕೆ, ಆರತಿಗೆ ಇರಲಿ.” ವರ್ತಕನಿಗೆ ಸರಿ ಎನಿಸಿತು. ಅಂದ ಕೆಡಲಿಲ್ಲ, ಆರೋಗ್ಯವೂ ಕೆಡಲಿಲ್ಲ.

ಅಂದು ಸಂಜೆ ಮೇಷ್ಟರ ಹೆಬ್ಬೆರಳು ವಾಚನ್ನು ಹುಡುಕಿ ರಬ್ಬರಿನ ಮೇಲೆ ಬಿತ್ತು.

“ಇದೇನೋ ಇದು? ಹಲ್ಲಿ ಹಿಡಿದ ಹಾಗಾಯ್ತು!”

“ಹೆಜ್ಜೆ ಎಣಿಸುತ್ತೆ, ನಾಡಿ ನೋಡುತ್ತೆ. ಸೊಸೆ ಕೊಡಿಸಿದ್ದು.”

“ಎಲ್ಲಾ ನೋಡುತ್ತೆ, ತಾನು ಮಾತ್ರ ಉಸಿರು ಬಿಡಲ್ಲ. ಒಳ್ಳೇ ಗೂಢಚಾರ” ಎಂದು ಮೇಷ್ಟರು ನಕ್ಕು, ಅದರ ಮೇಲೆಯೇ ಕೈ ಹಿಡಿದು ನಡೆದರು.

ಆ ಊರಿನ ವರ್ತಕರ ಸಂಘಕ್ಕೆ ಒಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಪ್ರತಿಯೊಬ್ಬರೂ ತಾವು ದಿನವೂ ನಡೆದ ಹೆಜ್ಜೆಯ ಲೆಕ್ಕ ಹಾಕುತ್ತಿದ್ದರು. ನಮ್ಮ ವರ್ತಕನೂ ಹಾಕಿದ. ಎಲ್ಲರಿಗಿಂತ ಕೆಳಗೆ ಅವನ ಹೆಸರು ಬಂತು. ಏರಿಯ ತುದಿ ಮುಟ್ಟಿ ಬಂದರೂ ಬ್ಯಾಂಡು ನಡೆದದ್ದರಲ್ಲಿ ಅರ್ಧವನ್ನೂ ತೋರಿಸಲಿಲ್ಲ. ಎಣ್ಣೆ ಗಿರಣಿಯವನು ಗುಂಪಿನಲ್ಲಿ ಬರೆದ: “ಪಾತ್ರೆ ಸಾಹುಕಾರ್ರು ಇವತ್ತು ಕೊಡದೊಳಗೇ ವಾಕಿಂಗ್ ಮುಗಿಸಿದ ಹಾಗಿದೆ.” ಊರೆಲ್ಲ ನಕ್ಕಂತೆ ಅವನಿಗೆ ಅನಿಸಿತು.

ಸೊಸೆಯನ್ನು ಕೇಳಿದ. “ಕೈ ಬೀಸಿದರೆ ತಾನೇ ಮಾವ ಅದಕ್ಕೆ ಹೆಜ್ಜೆ ತಿಳಿಯೋದು? ಮೇಷ್ಟರು ಆ ಕೈ ಹಿಡಿದುಕೊಂಡೇ ಇರ್ತಾರಲ್ಲ” ಎಂದಳು. ಅವಳು ಕಾರಣ ಹೇಳಿದಳು, ಅಷ್ಟೇ.

ಮರುದಿನ ಏರಿಯ ಮೇಲೆ ವರ್ತಕ ಹೇಳಿದ: “ಇವತ್ತೊಂದು ದಿನ ಕೈ ಬಿಟ್ಟು ಬರ್ತೀಯಾ? ಏರಿ ನೆಟ್ಟಗಿದೆ, ಪಕ್ಕದಲ್ಲೇ ಬಾ.”

ಮೇಷ್ಟರು ಕೈ ಬಿಟ್ಟರು. ವರ್ತಕ ಕೈ ಬೀಸಿ ನಡೆದ. ಕೈ ಹಗುರವಾಗಿತ್ತು, ಕಾಲೂ ಹಗುರವಾಯಿತು. ಎಷ್ಟೋ ದೂರ ಹೋದ ಮೇಲೆ ಹಿಂತಿರುಗಿ ನೋಡಿದ. ಮೇಷ್ಟರು ದೂರದಲ್ಲಿ, ಒಂದು ಕೈಯನ್ನು ಮುಂದಕ್ಕೆ ಚಾಚಿ, ಕಾಲಿನಿಂದ ನೆಲ ತಡಕುತ್ತ ನಿಂತಿದ್ದರು.

ಅವನು ಓಡಿಬಂದು ಕೈ ಹಿಡಿದುಕೊಂಡ. ಮನಸ್ಸಿಗೆ ಕೆಡುಕೆನಿಸಿತು. ಆದರೆ ಆ ದಿನದ ಲೆಕ್ಕ ಚೆನ್ನಾಗಿ ಬಂದಿತ್ತು.

ಅಂದಿನಿಂದ ಏರಿಯ ಮೊದಲಿಗೇ ಇದ್ದ ಕಲ್ಲುಬೆಂಚಿನ ಮೇಲೆ ಮೇಷ್ಟರನ್ನು ಕೂರಿಸಿ, “ಒಂದು ಸುತ್ತು ಹೋಗಿ ಬಂದೆ” ಎಂದು ಹೊರಡತೊಡಗಿದ. ಒಂದು ಸುತ್ತು ಎರಡಾಯಿತು. ಬಂದಾಗ ಅವನಿಗೆ ಏದುಸಿರು, ಮಾತು ಹೊರಡುತ್ತಿರಲಿಲ್ಲ. ಒಂದು ಸಂಜೆ ಬಾಗಿಲಲ್ಲಿ ಕೆಮ್ಮಿದಾಗ ಮೇಷ್ಟರು ಒಳಗಿನಿಂದಲೇ ಹೇಳಿದರು: “ಆ ಕಲ್ಲಿನ ಮೇಲೆ ಕೂರೋಕೆ ಅಲ್ಲೀತನಕ ಯಾಕೋ? ಇಲ್ಲೇ ಜಗಲಿ ಮೇಲೆ ಕೂರ್ತೀನಿ ಬಿಡು. ನೀನು ನಡಿ.” ನಗುತ್ತಲೇ ಹೇಳಿದರು. ವರ್ತಕನೂ ನಕ್ಕು ನಡೆದ.

ಇಲ್ಲಿ ವಿಶಾಲಾಕ್ಷಿ ತಡೆಯಲಾರದೆ ಕೇಳಿದಳು: “ನಡೆಯುವಾಗ ಮಾತ್ರ ಬ್ಯಾಂಡನ್ನು ಬಲಗೈಗೆ ಕಟ್ಟಿಕೊಳ್ಳಬಹುದಿತ್ತಲ್ಲ?”

“ಬಹುದಿತ್ತು. ಅದು ಅವನಿಗೂ ಹೊಳೆಯಿತು. ಹೊಳೆಯುವ ಹೊತ್ತಿಗೆ ಬೇಗ ನಡೆಯುವ ರುಚಿ ಹತ್ತಿತ್ತು” ಎಂದು ಗುರುಗಳು ಕತೆ ಮುಂದುವರಿಸಿದರು.

ಒಂದು ಸಂಜೆ ಏರಿಯ ತುದಿಯಲ್ಲಿ ಬ್ಯಾಂಡು ನಡುಗಿತು. ಅದರ ಮುಖದ ಮೇಲೆ ಬಣ್ಣದ ಹೂವು ಸುರಿಯಿತು. ದಿನದ ಗುರಿ ಮುಟ್ಟಿತ್ತು. “ನೋಡೋ ಇಲ್ಲಿ” ಎನ್ನುತ್ತ ವರ್ತಕ ಎಡಕ್ಕೆ ತಿರುಗಿದ. ಎಡಕ್ಕೆ ಕೆರೆಯ ನೀರಿತ್ತು.

ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸಿದರು. ಎಣ್ಣೆ ಗಿರಣಿಯವನೂ ಸೋತೆನೆಂದು ಬರೆದ. ಡಾಕ್ಟರು ಸಕ್ಕರೆ ಇಳಿದಿದೆ ಎಂದು ಬೆನ್ನು ತಟ್ಟಿದರು. ಅದೂ ಸುಳ್ಳಲ್ಲ, ದೇಹಕ್ಕೆ ಒಳ್ಳೆಯದೇ ಆಗಿತ್ತು. ಆದರೆ ವರ್ತಕ ಮನೆಗೆ ಬಂದು ಕಾಲು ತೊಳೆದು ಕೂತಾಗ, ಇಡೀ ದಿನ ಪಾತ್ರೆಯ ಮಾತಲ್ಲದೆ ಇನ್ನೊಂದು ಮಾತು ತನ್ನ ಬಾಯಿಂದ ಬಂದಿಲ್ಲ ಎಂದು ತಿಳಿಯಿತು. ನಿನ್ನೆಯೂ ಬಂದಿರಲಿಲ್ಲ.

ಮರುದಿನ ಅವನು ವಾಚಿಗೆ ಕೀಲಿ ಕೊಟ್ಟು ಎಡಗೈಗೆ ಕಟ್ಟಿದ. ಬ್ಯಾಂಡನ್ನು ಬಲಗೈಗೆ ಬದಲಾಯಿಸಿದ. ನಗುವವರು ನಗಲಿ ಎಂದುಕೊಂಡ. ಸಂಜೆ ಮೇಷ್ಟರ ಜಗಲಿಗೆ ಹೋಗಿ ಎಡಗೈ ಚಾಚಿದ.

“ಏಳು, ಹೋಗೋಣ.”

ಮೇಷ್ಟರ ಹೆಬ್ಬೆರಳು ಗಾಜನ್ನು ಕಂಡುಕೊಂಡಿತು. ಮುಖ ಅರಳಿತು. “ಬಂತಾ ಇದು!” ಎಂದರು. ಬಹಳ ಹೊತ್ತು ಕೈ ಬಿಡಲಿಲ್ಲ. ಆಮೇಲೆ ಮೆಲ್ಲನೆ ಹೇಳಿದರು: “ಬೇಡ ಕಣೋ. ಕಾಲಿಗೆ ಧೈರ್ಯ ಹೋಗಿಬಿಟ್ಟಿದೆ. ಬಾ, ಕೂತ್ಕೋ.”

ವರ್ತಕ ಪಕ್ಕದಲ್ಲಿ ಕೂತ. ಮಾವನ ಮಾತು ತೆಗೆದ, ಮದುವೆ ಊಟದ ಮಾತು ತೆಗೆದ. ನಡೆಯುತ್ತ ತಾನಾಗಿ ಬರುತ್ತಿದ್ದ ಮಾತು ಕೂತಲ್ಲಿ ಬರಲಿಲ್ಲ. ಇಬ್ಬರೂ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ಹೊತ್ತು ಹೋಯಿತು. ಬಹಳ ಹೊತ್ತು ಕೂತೆ, ಎದ್ದು ಓಡಾಡು ಎಂದು ಬಲಗೈಯ ಬ್ಯಾಂಡು ನಡುಗಿತು.

ಮೇಷ್ಟರ ಕಿವಿ ಚುರುಕು. “ನಿನ್ನನ್ನೇನೋ ಕರೀತಾ ಇದೆ. ಹೋಗು” ಎಂದರು.

ಆ ಮಾತಿನಲ್ಲಿ ಕೊಂಕಿರಲಿಲ್ಲ. ವರ್ತಕ “ಇರಲಿ ಬಿಡು” ಎಂದ. ಹೇಳುತ್ತಲೇ ಅವನ ಕಾಲು ಎದ್ದು ನಿಂತಿತ್ತು. ಅಷ್ಟು ಅಭ್ಯಾಸವಾಗಿಹೋಗಿತ್ತು. ನಿಂತವನಿಗೆ ಮತ್ತೆ ಕೂರಲು ನಾಚಿಕೆಯಾಯಿತು. ನಡೆದುಬಿಟ್ಟ. ಆಮೇಲೆ ಎಷ್ಟು ಸಲ ಹೋಗಿ ಕೈ ಚಾಚಿದರೂ ಮೇಷ್ಟರು ಜಗಲಿಯಿಂದ ಇಳಿಯಲಿಲ್ಲ.

ವರ್ತಕ ಈಗಲೂ ಕೆರೆ ಏರಿಯ ಮೇಲೆ ನಡೆಯುತ್ತಾನೆ. ಎಡಗೈಯಲ್ಲಿ ವಾಚು, ಬಲಗೈಯಲ್ಲಿ ಬ್ಯಾಂಡು. ಈಗ ಯಾರೂ ನಗುವುದಿಲ್ಲ. ಎರಡೂ ಒಪ್ಪುತ್ತವೆ ಸಾಹುಕಾರ್ರೇ ಎನ್ನುತ್ತಾರೆ. ಅವನ ಬಲಗೈ ಚೆನ್ನಾಗಿ ಬೀಸುತ್ತದೆ. ಎಡಗೈ ಬೀಸುವುದಿಲ್ಲ. ಅದನ್ನು ಅವನು ಮೈಯಿಂದ ತುಸು ದೂರ ಹಿಡಿದು, ಯಾರೋ ಹಿಡಿದುಕೊಂಡಿದ್ದಾರೆ ಎಂಬಂತೆ ನಡೆಯುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ವಿಶಾಲಾಕ್ಷಿ ಕೇಳಿದಳು: “ಹಾಗಾದರೆ ನಾನು ಇವೆರಡರಲ್ಲಿ ಯಾವುದನ್ನು ಬಿಡಬೇಕು, ಗುರುಗಳೇ?”

“ಮೊದಲೆಲ್ಲ ನಿನ್ನ ಜೊತೆ ಮೆಲ್ಲಗೆ ನಡೆದು ಬರುತ್ತಿದ್ದ, ಕಾಲುನೋವಿನ ನಿನ್ನ ಅಕ್ಕ ಈಗ ಯಾಕಮ್ಮ ಬರುವುದಿಲ್ಲ?” ಎಂದರು ಗುರುಗಳು.